ಬೈಕಂಪಾಡಿಯಿಂದ ಸಾಸಿವೆ ಕಡಲು ದಾಟೀತೇ?

ಬೈಕಂಪಾಡಿಯ ಕೈಗಾರಿಕಾ ಪ್ರದೇಶದಿಂದ ಹೆದ್ದಾರಿ ದಾಟಿದರೆ ಪಣಂಬೂರಿನ ನವಮಂಗಳೂರು ಬಂದರು. ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ ಇಲ್ಲಿ ಹಡಗಿನಿಂದ ಇಳಿಯುತ್ತದೆ. ಹತ್ತಿರದ ಸಂಸ್ಕರಣ ಘಟಕಗಳಲ್ಲಿ ಬಣ್ಣ, ವಾಸನೆ ಕಳೆದುಕೊಂಡು ಪ್ಯಾಕೆಟ್ ಸೇರಿ ಘಟ್ಟ ಹತ್ತುತ್ತದೆ. ಗೇರುಬೀಜ ಆಫ್ರಿಕಾದಿಂದ ಬಂದು ತಿರುಳಾಗಿ ಹೊರಡುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಕಂಟೇನರ್ ಹತ್ತುತ್ತದೆ. ಬಂದರು, ಗೋದಾಮು, ಎಪಿಎಂಸಿ ಯಾರ್ಡ್ ಎಲ್ಲವೂ ಕೂಗಳತೆಯಲ್ಲಿರುವಾಗ, ರಫ್ತಿಗೆ ಕೈಹಾಕಬೇಕೆಂದಿರುವವರಿಗೆ ಒಂದು ಆಸೆ ಹುಟ್ಟುವುದು ಸಹಜ: ಏಷ್ಯಾದ ದೇಶಗಳಿಗೆ ಸಾಸಿವೆ ಯಾಕೆ ಕಳಿಸಬಾರದು?

ಉತ್ತರ ಬಂದರಿನಲ್ಲಿ ಸಿಗುವುದಿಲ್ಲ, ಸಾಸಿವೆಯ ಕಾಳಿನೊಳಗೆ ಸಿಗುತ್ತದೆ. ಸುಮಾರು ನಾಲ್ಕು ಗ್ರಾಂ ತೂಗಲು ಸಾವಿರ ಕಾಳು ಬೇಕು. ಒಂದು ಕಿಲೋ ಎಂದರೆ ಎರಡೂವರೆ ಲಕ್ಷ ಕಾಳು. ಇಷ್ಟು ಸಣ್ಣ ಕಾಳು ಮಾರುಕಟ್ಟೆಯಲ್ಲಿ ಮೂರು ಬೇರೆ ಸರಕುಗಳಂತೆ ವರ್ತಿಸುತ್ತದೆ: ಘಾಟು, ಎಣ್ಣೆ, ಹಿಂಡಿ. ಮೂರಕ್ಕೂ ಗಿರಾಕಿ ದೇಶಗಳು ಬೇರೆ, ಅವುಗಳ ತಕರಾರೂ ಬೇರೆ.

ಘಾಟಿನಿಂದ ಆರಂಭಿಸೋಣ, ಕರಾವಳಿಯ ಅಡುಗೆಮನೆಗೆ ಅದರ ಪರಿಚಯ ಚೆನ್ನಾಗಿದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಖಾರವಿರುವುದಿಲ್ಲ. ಅದೇ ಸಾಸಿವೆಯನ್ನು ಹಸಿಯಾಗಿ ತೆಂಗಿನತುರಿಯ ಜೊತೆ ಅರೆದು ಮಾವಿನಹಣ್ಣಿನ ಸಾಸಿವೆಯನ್ನೋ ಕೊಂಕಣಿಗರ ಸಾಸಂ ಅನ್ನೋ ಮಾಡಿದರೆ ಮೂಗಿಗೇರುತ್ತದೆ. ಇಡೀ ಕಾಳಿನಲ್ಲಿ ಘಾಟು ಇರುವುದೇ ಇಲ್ಲ. ಗ್ಲೂಕೋಸಿನೊಲೇಟ್ ಎಂಬ ಗಂಧಕದ ಸಂಯುಕ್ತ ಒಂದು ಕೋಶದಲ್ಲಿ, ಮೈರೋಸಿನೇಸ್ ಎಂಬ ಕಿಣ್ವ ಮತ್ತೊಂದರಲ್ಲಿ. ಅರೆದಾಗ ಕೋಶ ಒಡೆದು, ನೀರು ತಾಗಿ ಎರಡೂ ಸೇರಿದ ಮೇಲೆಯೇ ಐಸೋಥಯೋಸಯನೇಟ್ ಹುಟ್ಟುವುದು. ಕಾದ ಎಣ್ಣೆಯಲ್ಲಿ ಕಿಣ್ವ ಮೊದಲೇ ಸತ್ತಿರುತ್ತದೆ, ಒಳಗಿನ ನೀರು ಆವಿಯಾಗಿ ಸಿಪ್ಪೆ ಒಡೆಯುತ್ತದೆ, ಉಳಿಯುವುದು ಹುರಿದ ಪರಿಮಳ ಮಾತ್ರ.

ಜಪಾನಿನಲ್ಲಿ ಸಾಸಿವೆಯಿಂದ ಮಾಡುವ ‘ಕರಶಿ’ಗೆ ಬೇಕಾದದ್ದು ಈ ಘಾಟೇ. ಹಾಗಾದರೆ ನಮ್ಮ ಸಾಸಿವೆಯನ್ನೇ ಅವರು ಯಾಕೆ ಮುಗಿಬಿದ್ದು ಕೊಳ್ಳುವುದಿಲ್ಲ? ಜಾತಿ ಒಂದೇ ಆದರೂ ಒಳಗಿನ ರಸಾಯನ ಬೇರೆ. ಕೆನಡಾದಲ್ಲಿ ಬೆಳೆಯುವ ಸಾಸಿವೆಯಲ್ಲಿ ಸಿನಿಗ್ರಿನ್ ಎಂಬ ಗ್ಲೂಕೋಸಿನೊಲೇಟ್ ಹೆಚ್ಚು. ಅದು ಮೂಗಿಗೆ ಚುರ್ರೆನ್ನಿಸುವ ಅಲೈಲ್ ಘಾಟನ್ನು ಕೊಡುತ್ತದೆ. ಭಾರತದ ತಳಿಗಳಲ್ಲಿ ಗ್ಲೂಕೋನೇಪಿನ್ನಿನದೇ ಮೇಲುಗೈ, ಅದರ ಘಾಟಿನ ಗುಣ ಬೇರೆ. ಜಪಾನ್ ಸಾಸಿವೆ ಕೊಳ್ಳುವುದು ಬಹುಪಾಲು ಕೆನಡಾದಿಂದ. ಇಲ್ಲಿ ವ್ಯಾಪಾರಿಯ ಜಾಣತನಕ್ಕಿಂತ ತಳಿಯ ಆಯ್ಕೆ ಮುಖ್ಯ.

ಇನ್ನು ಎಣ್ಣೆ. ಕಾಳಿನ ತೂಕದಲ್ಲಿ ಸುಮಾರು 40 ಶೇಕಡಾ ಎಣ್ಣೆಯೇ. ಭಾರತದ ಸಾಂಪ್ರದಾಯಿಕ ತಳಿಗಳ ಎಣ್ಣೆಯಲ್ಲಿ 40ರಿಂದ 50 ಶೇಕಡಾ ಎರೂಸಿಕ್ ಆಮ್ಲ. ಹೃದಯಕ್ಕೆ ಒಳ್ಳೆಯದಲ್ಲವೆಂದು ಅನೇಕ ದೇಶಗಳು ಅದಕ್ಕೆ ಮಿತಿ ಹಾಕಿವೆ. ಅಮೆರಿಕದಲ್ಲಿ ನಮ್ಮ ಸಾಸಿವೆ ಎಣ್ಣೆ ‘ಮೈಗೆ ಹಚ್ಚಲು ಮಾತ್ರ’ ಎಂಬ ಚೀಟಿ ಹೊತ್ತು ಅಂಗಡಿಯಲ್ಲಿ ಕೂರುತ್ತದೆ. ಬಂಗಾಳಿ, ನೇಪಾಳಿ ಅಡುಗೆಗೆ ಆ ತಕರಾರಿಲ್ಲ. ಆದರೆ ತೊಡಕು ನಮ್ಮ ಕಡೆಯೇ ಇದೆ. ನಾವು ಬಳಸುವ ಖಾದ್ಯತೈಲದ ಅರ್ಧಕ್ಕೂ ಹೆಚ್ಚು ಆಮದು. ಹಾಗಿರುವಾಗ ಎಣ್ಣೆ ಹೊರಗೆ ಹರಿಯಲು ಸರ್ಕಾರ ಸುಲಭದಲ್ಲಿ ಬಿಡುವುದಿಲ್ಲ: 2018ರಲ್ಲಿ ಉಳಿದ ಎಣ್ಣೆಗಳ ರಫ್ತು ಮುಕ್ತವಾದಾಗಲೂ ಸಾಸಿವೆ ಎಣ್ಣೆಗೆ ಐದು ಕಿಲೋವರೆಗಿನ ಪ್ಯಾಕೆಟ್ ಮತ್ತು ಕನಿಷ್ಠ ರಫ್ತು ಬೆಲೆಯ ಕಟ್ಟಳೆ ಉಳಿಯಿತು. ಬೀಜದ ದರವೂ ದೇಶದೊಳಗೇ ಏರಿದೆ. 2025-26ರ ಮಾರಾಟ ಹಂಗಾಮಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 5,950 ರೂಪಾಯಿ. ಸಾಸಿವೆಯ ಹತ್ತಿರದ ಬಂಧುವಾದ ಕೆನಡಾದ ಕನೋಲಾ ಬೀಜ ಸಾಮಾನ್ಯವಾಗಿ ಇದಕ್ಕಿಂತ ಅಗ್ಗ. ಎಣ್ಣೆ ಹಿಂಡಲು ಬೀಜ ಬೇಕಾದವನು ಅಗ್ಗದ್ದನ್ನು ಬಿಟ್ಟು ನಮ್ಮಲ್ಲಿಗೆ ಬರಲು ಕಾರಣವೇನೂ ಕಾಣುವುದಿಲ್ಲ.

ನಿಜವಾದ ರಫ್ತು ನಡೆಯುತ್ತಿರುವುದು ಯಾರೂ ಹೆಚ್ಚು ಮಾತಾಡದ ಹಿಂಡಿಯಲ್ಲಿ. ಎಣ್ಣೆ ತೆಗೆದ ಮೇಲೆ ಉಳಿಯುವ ಈ ಪುಡಿಯಲ್ಲಿ ಸುಮಾರು 37 ಶೇಕಡಾ ಪ್ರೋಟೀನ್ ಇರುತ್ತದೆ. 2022-23ರಲ್ಲೂ 2023-24ರಲ್ಲೂ ಭಾರತದ ಸಾಸಿವೆ ಹಿಂಡಿ ರಫ್ತು 20 ಲಕ್ಷ ಟನ್ ದಾಟಿತು. ದಕ್ಷಿಣ ಕೊರಿಯಾ ಹಳೆಯ ಗಿರಾಕಿ. ಥಾಯ್ಲೆಂಡ್, ವಿಯೆಟ್ನಾಂ, ಬಾಂಗ್ಲಾದೇಶಗಳೂ ಕೊಳ್ಳುತ್ತವೆ. ಘಾಟು ಕೊಡುವ ಅದೇ ಗ್ಲೂಕೋಸಿನೊಲೇಟ್ ಇಲ್ಲಿ ಮಾತ್ರ ಶತ್ರು. ಹೆಚ್ಚಾದರೆ ಹಂದಿ, ಕೋಳಿಗಳ ಥೈರಾಯ್ಡ್ ಕೆಡುತ್ತದೆ, ಮೇವು ರುಚಿಸುವುದಿಲ್ಲ. ದನಕ್ಕೆ ಅಷ್ಟು ತೊಂದರೆಯಿಲ್ಲ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಸ್ವಲ್ಪ ನಿಭಾಯಿಸುತ್ತವೆ. ಎರೂಸಿಕ್ ಆಮ್ಲ, ಗ್ಲೂಕೋಸಿನೊಲೇಟ್ ಎರಡನ್ನೂ ಇಳಿಸಿದ ‘ಪೂಸಾ ಡಬಲ್ ಜೀರೋ ಮಸ್ಟರ್ಡ್ 31’ರಂಥ ತಳಿಗಳನ್ನು ದೆಹಲಿಯ ವಿಜ್ಞಾನಿಗಳು ಕೊಟ್ಟಿದ್ದಾರೆ. ಘಾಟು ಬಯಸುವ ಗಿರಾಕಿಗೆ ಮಾತ್ರ ಅವು ಬೇಡವಾಗುತ್ತವೆ; ಒಂದೇ ಗದ್ದೆಯ ಬೆಳೆಯಿಂದ ಜಪಾನನ್ನೂ ಕೊರಿಯಾವನ್ನೂ ಒಟ್ಟಿಗೆ ಮೆಚ್ಚಿಸಲಾಗದು.

ಹಿಂಡಿಯ ವ್ಯಾಪಾರ ಎಷ್ಟು ನಾಜೂಕು ಎಂಬುದಕ್ಕೆ ಚೀನಾದ ಪ್ರಕರಣ ನೋಡಬೇಕು. ಭಾರತದ ಹಿಂಡಿಯಲ್ಲಿ ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣದ ಸುಳಿವು ಸಿಕ್ಕಿದ್ದೇ ನೆಪವಾಗಿ 2012ರ ಆರಂಭದಿಂದ ಚೀನಾ ಬಾಗಿಲು ಹಾಕಿತು. ಮೀನಿನ ಕೊಳಗಳಲ್ಲಿ ಶಿಲೀಂಧ್ರ ಕೊಲ್ಲಲು ಬಳಸುತ್ತಿದ್ದು ಮುಂದೆ ಅನೇಕ ಕಡೆ ನಿಷೇಧಗೊಂಡ ರಾಸಾಯನಿಕ ಅದು. ಗೋಣಿಚೀಲದ ಮೇಲೆ ಗುರುತು ಬಳಿಯುವ ಶಾಯಿಯಿಂದ ಹಿಂಡಿಗೆ ತಾಗಿದೆ ಎಂಬುದು ನಮ್ಮ ರಫ್ತುದಾರರ ವಿವರಣೆ. ಆ ಬಾಗಿಲು ಮತ್ತೆ ತೆರೆದದ್ದು 2018ರಲ್ಲಿ. ಚೀಲದ ಬಣ್ಣಕ್ಕಾಗಿ ಆರು ವರ್ಷ! 2025ರ ಮಾರ್ಚ್‌ನಲ್ಲಿ ಕೆನಡಾದ ಕನೋಲಾ ಹಿಂಡಿಯ ಮೇಲೆ ಚೀನಾ 100 ಶೇಕಡಾ ಸುಂಕ ಹೇರಿದಾಗ ಗಾಳಿ ನಮ್ಮ ಕಡೆ ತಿರುಗಿತು. ಕೆಲವೇ ವಾರಗಳಲ್ಲಿ ಚೀನೀ ಖರೀದಿದಾರರು ಹಿಂದಿನ ಇಡೀ ವರ್ಷಕ್ಕಿಂತ ಹೆಚ್ಚು ಹಿಂಡಿಯನ್ನು ಭಾರತದಿಂದ ಕೊಂಡರು. ಇಂಥ ಅವಕಾಶ ರಾಜಕೀಯದಿಂದ ಬಂದದ್ದು, ರಾಜಕೀಯದಿಂದಲೇ ಹೋಗಬಹುದು. ಅದನ್ನು ನಂಬಿ ಬ್ಯಾಂಕ್ ಸಾಲ ಮಾಡುವುದು ಜಾಣತನವಲ್ಲ ಎಂಬುದು ನನ್ನ ಮತ.

ಈಗ ಬೈಕಂಪಾಡಿಗೆ ಬರೋಣ. ದೇಶದ ಸಾಸಿವೆಯಲ್ಲಿ ಹೆಚ್ಚುಕಡಿಮೆ ಅರ್ಧ ರಾಜಸ್ಥಾನದ್ದು, ಸಾಸಿವೆ ಸಂಶೋಧನಾ ಸಂಸ್ಥೆ ಇರುವುದೂ ಅಲ್ಲಿನ ಭರತ್‌ಪುರದಲ್ಲಿ. ಚಳಿ ಬೇಕಾದ ಹಿಂಗಾರು ಬೆಳೆ ಅದು, ನಮ್ಮ ಕರಾವಳಿಗೆ ಒಗ್ಗದು. ಭರತ್‌ಪುರದವರಿಗೆ ಕಾಂಡ್ಲಾ, ಮುಂದ್ರಾ ಬಂದರುಗಳು ಹತ್ತಿರ. ಸಾವಿರಾರು ಕಿಲೋಮೀಟರ್ ರೈಲಿನಲ್ಲಿ ಇಲ್ಲಿಗೆ ತಂದು ಹಡಗು ಹತ್ತಿಸುವುದರಲ್ಲಿ ಲಾಭವಿಲ್ಲ. ಮೇಲಾಗಿ ಇಲ್ಲಿರುವುದು ಬಂದ ಎಣ್ಣೆಯನ್ನು ಶುದ್ಧ ಮಾಡುವ ಘಟಕಗಳು. ಬೀಜದಿಂದ ಎಣ್ಣೆ ತೆಗೆದು ಹಿಂಡಿ ಮಾಡುವ ಕೆಲಸವೇ ಬೇರೆ.

ಹವೆಯೂ ಕೈಕೊಡುತ್ತದೆ. ಸಂಗ್ರಹಿಸಿದ ಸಾಸಿವೆಯಲ್ಲಿ ತೇವಾಂಶ 8 ಶೇಕಡಾ ಮೀರಬಾರದು ಎನ್ನುತ್ತಾರೆ. ಭತ್ತಕ್ಕಾದರೆ 13–14 ಶೇಕಡಾ ಇದ್ದರೂ ನಡೆಯುತ್ತದಲ್ಲ, ಸಾಸಿವೆಗೇಕೆ ಇಷ್ಟು ಬಿಗಿ? ಲೆಕ್ಕ ಹೀಗೆ: ನೂರು ಗ್ರಾಂ ಸಾಸಿವೆಯಲ್ಲಿ 40 ಗ್ರಾಂ ಎಣ್ಣೆ, ಅದು ನೀರು ಹಿಡಿಯುವುದಿಲ್ಲ. 8 ಗ್ರಾಂ ನೀರು ಕೂರುವುದು ಉಳಿದ 60 ಗ್ರಾಂನಲ್ಲಿ. ಅಲ್ಲಿಗೆ ತೇವ 13 ಶೇಕಡಾ ದಾಟಿತು, ಭತ್ತದ ಗಡಿಯೇ ಬಂತು. ಆಷಾಢದಲ್ಲಿ ಗಾಳಿಯ ಆರ್ದ್ರತೆ 80 ಶೇಕಡಾ ಮೇಲೇ ಇರುವ ಊರಲ್ಲಿ, ಬಾಗಿಲು ತೆರೆದ ಗೋದಾಮಿನ ಚೀಲ ನೀರು ಹೀರುತ್ತಲೇ ಇರುತ್ತದೆ. ಬೂಸಲು ಹಿಡಿಯುತ್ತದೆ, ಎಣ್ಣೆ ಕಮಟುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಕಟಾವಾದ ಮಾಲು ಮೇ ಕಳೆಯುವುದರೊಳಗೆ ಹೊರಟರೆ ಸರಿ, ಇಲ್ಲವಾದರೆ ದರ ಇಳಿಸಿ ಮಾರಬೇಕು.

ಕಾಗದದ ಕೆಲಸದಲ್ಲೂ ಒಂದು ಎಚ್ಚರ. ಸುಂಕದ ಪಟ್ಟಿಯಲ್ಲಿ ಸಾಸಿವೆಗೆ 1207.50, ಕನೋಲಾ ಸೇರುವ ರೇಪ್ ಬೀಜಕ್ಕೆ 1205. ಎರಡನ್ನೂ ಒಂದೆಂದು ಭಾವಿಸಿ ಬರೆದರೆ ಸರಕು ಆಚೆ ದಡದಲ್ಲಿ ನಿಲ್ಲುತ್ತದೆ, ನಿಂತಷ್ಟು ದಿನ ಬಾಡಿಗೆ ತೆರಬೇಕು.

ಹಾಗಾದರೆ ಮಂಗಳೂರಿಗೆ ಇದರಲ್ಲಿ ಪಾಲೇ ಇಲ್ಲವೇ? ನನಗೆ ಕಾಣುವುದು ಒಂದೇ ದಾರಿ, ಉಪ್ಪಿನಕಾಯಿ. ಮಾವಿನ ಮಿಡಿಯ ಭರಣಿಯಲ್ಲಿ ಹಸಿ ಸಾಸಿವೆ ಪುಡಿ ರುಚಿಗಷ್ಟೇ ಅಲ್ಲ, ಅದರ ಐಸೋಥಯೋಸಯನೇಟ್ ಬೂಸಲು, ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಉಪ್ಪು, ಹುಳಿ ಜೊತೆಗೂಡಿದರೆ ಇನ್ನೂ ಗಟ್ಟಿ. ಕೊಲ್ಲಿ ದೇಶಗಳಲ್ಲಿ ನೆಲೆಸಿದ ಕರಾವಳಿಯವರು ಮಿಡಿ ಉಪ್ಪಿನಕಾಯಿಗೆ ಹಂಬಲಿಸುವುದು ಗೊತ್ತಿದ್ದದ್ದೇ. ರಾಜಸ್ಥಾನದ ಸಾಸಿವೆ ಮಲೆನಾಡಿನ ಮಿಡಿಯೊಡನೆ ಸೇರಿ ಬಾಟಲಿಯಲ್ಲಿ ಹೊರಟರೆ, ಬರೀ ಬೀಜಕ್ಕೆ ಸಿಗದ ದರ ಅದಕ್ಕೆ ಸಿಗುತ್ತದೆ. ದುಬೈಗಿಂತ ಮುಂದೆ ಯುರೋಪಿಗೂ ಕಳಿಸುವುದಾದರೆ ಚೀಟಿಯಲ್ಲಿ ಸಾಸಿವೆಯ ಹೆಸರು ಎದ್ದುಕಾಣುವಂತೆ ಇರಲೇಬೇಕು. ಅಲರ್ಜಿ ತರುವ 14 ಆಹಾರಗಳ ಯುರೋಪಿನ ಪಟ್ಟಿಯಲ್ಲಿ ಅದೂ ಒಂದು.