ಫೋಟೋ ಸರಿ, ಊರು ಯಾವುದು ಸ್ವಾಮಿ?

ಬಸ್ಸಿನಲ್ಲಿ ತೂಕಡಿಸುವವರಿಗೆ ಈ ವಿದ್ಯೆ ಹೊಸದೇನಲ್ಲ. ಕಣ್ಣುಬಿಟ್ಟಾಗ ಬಸ್ಸು ಯಾವೂರಲ್ಲಿ ನಿಂತಿದೆ ಅಂತ ತಿಳಿಯದಿದ್ದರೆ ಕಿಟಕಿಯಿಂದ ಹಣಕಿ ಹಾಕಿ ಎದುರಿನ ಅಂಗಡಿ ಬೋರ್ಡು ನೋಡುತ್ತಾರೆ. ಮೇಲಿನ ಸಾಲಿನಲ್ಲಿ ದೇವರ ಹೆಸರು, ನಡುವೆ ಅಂಗಡಿ ಹೆಸರು, ಕೆಳಗಡೆ ಸಣ್ಣಕ್ಷರದಲ್ಲಿ ಬೀದಿ, ಊರು, ಫೋನ್ ನಂಬರು. ಊರು ಸಿಕ್ಕಿತು, ಮತ್ತೆ ನಿದ್ದೆ!

ಇದೇ ವಿದ್ಯೆ ಈಗ ಪ್ರಪಂಚಕ್ಕೇ ಒಂದು ಆಟ. 2013ರಲ್ಲಿ ಸ್ವೀಡನ್ ದೇಶದವನೊಬ್ಬ ಹುಟ್ಟುಹಾಕಿದ ‘ಜಿಯೋಗೆಸರ್’ ಎಂಬ ಕಂಪ್ಯೂಟರ್ ಆಟದಲ್ಲಿ ಯಾವುದೋ ರಸ್ತೆಯ ಚಿತ್ರ ಬರುತ್ತದೆ. ಅದು ಎಲ್ಲಿಯದು ಅಂತ ಊಹಿಸಿ ಭೂಪಟದಲ್ಲಿ ಗುರುತು ಮಾಡಬೇಕು. ಹತ್ತಿರವಾದಷ್ಟೂ ಅಂಕ ಹೆಚ್ಚು. ಚಿತ್ರಗಳು ಗೂಗಲ್ ಕಂಪನಿಯ ಕ್ಯಾಮೆರಾ ಕಾರುಗಳು ಬೀದಿ ಬೀದಿ ಸುತ್ತಿ ತೆಗೆದಂಥವು. ಈ ಕಾರು 2011ರಲ್ಲಿ ಬೆಂಗಳೂರಿಗೂ ಬಂದಿತ್ತು. ಕೆಲವೇ ವಾರಗಳಲ್ಲಿ ಪೊಲೀಸರು ತಡೆದರು. ಕಡೆಗೆ 2022ರ ಜುಲೈನಲ್ಲಿ ದೇಶದ ಹತ್ತು ನಗರಗಳ ಬೀದಿಚಿತ್ರ ಬಿಡುಗಡೆಯಾದಾಗ ಬೆಂಗಳೂರಿಗೂ ಜಾಗ ಸಿಕ್ಕಿತು.

ಆಟ ಆಡುವವರು ಆಡಲಿ, ನಮಗೇನು ಅಂತೀರಾ? ಸ್ವಲ್ಪ ತಾಳಿ.

ಕತ್ತರಿ ಹಾಕಿದ್ದು ಊರಿಗೆ

2018ರಲ್ಲಿ ಒಂದು ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರಿ ದೇಶವೆಲ್ಲ ಸುತ್ತಿತು. ಓಣಿಯಲ್ಲಿ ಹುಡುಗರು ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಪರಾರಿ. ‘ಮಕ್ಕಳ ಕಳ್ಳರು ಬಂದಿದ್ದಾರೆ, ಹುಷಾರ್’ ಎಂಬ ಒಕ್ಕಣೆ ಬೇರೆ. ನೋಡಿದವರ ಎದೆ ಧಸಕ್ಕೆಂದಿತು.

ಅಸಲಿಗೆ ಆ ಓಣಿ ಪಾಕಿಸ್ತಾನದ ಕರಾಚಿಯದು. ಮಕ್ಕಳ ಮೇಲೆ ಕಣ್ಣಿಡಿ ಅಂತ ತಂದೆ ತಾಯಿಗಳನ್ನು ಎಚ್ಚರಿಸಲು ಅಲ್ಲಿನ ಒಂದು ಸಂಸ್ಥೆ ಮಾಡಿಸಿದ ಚಿತ್ರ ಅದು. ಕೊನೆಯಲ್ಲಿ ಅದೇ ಬೈಕಿನವರು ಮಗುವನ್ನು ವಾಪಸು ತಂದು ಬಿಡುತ್ತಾರೆ, ಕರಾಚಿ ಹೆಸರಿದ್ದ ಫಲಕ ತೋರಿಸುತ್ತಾರೆ. ಯಾರೋ ಪುಣ್ಯಾತ್ಮ ಆ ಕೊನೆಯ ತುಂಡಿಗೇ ಕತ್ತರಿ ಹಾಕಿದ. ಊರು ಹೋಯಿತು, ಸುಳ್ಳು ಹುಟ್ಟಿತು.

ಇಂಥ ವಿಡಿಯೋ, ಇಂಥ ಒಕ್ಕಣೆಗಳು ಎಬ್ಬಿಸಿದ ಭೀತಿಗೆ ಅದೇ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಯುವಕನೊಬ್ಬ ಜನರ ಕೈಯಲ್ಲಿ ಹೆಣವಾದ. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಮತ್ತೊಂದು. ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ ಅವರ ತಪ್ಪು. ಮಕ್ಕಳ ಕಳ್ಳರು ಎಂಬ ಗುಲ್ಲೆದ್ದಿತು. ಕಾರಿಗಿಂತ ಮುಂಚೆ ವಾಟ್ಸಪ್ ಓಡಿತು. ಮುರ್ಕಿ ಎಂಬ ಹಳ್ಳಿಯ ಹತ್ತಿರ ಜನ ಅಡ್ಡಗಟ್ಟಿ ಬಡಿದರು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದೇ ತಿಂಗಳು ವಾಟ್ಸಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸಬಾರದು ಅಂತ ಕಡಿವಾಣ ಹಾಕಿತು. ಹೋದ ಜೀವ ಬಂತೇ?

ಆ ವಿಡಿಯೋ ಕೈಗೆ ಬಂದಾಗ ‘ಇದು ಯಾವ ಊರು?’ ಅಂತ ಎಷ್ಟು ಜನ ಕೇಳಿದರು? ಪ್ರಶ್ನೆ ಇರುವುದು ಇಲ್ಲೇ.

ದೊಡ್ಡವರೂ ಜಾರಿದರು

ಹಳ್ಳಿಯವರು ಮಾತ್ರ ಮೋಸ ಹೋಗ್ತಾರೆ ಅನ್ನಬೇಡಿ. ದಿಲ್ಲಿಯ ಗೃಹ ಸಚಿವಾಲಯದ 2016-17ರ ವಾರ್ಷಿಕ ವರದಿಯಲ್ಲಿ ಗಡಿ ಬೇಲಿಗೆ ಝಗಮಗ ದೀಪ ಹಾಕಿದ ಫೋಟೋ ಅಚ್ಚಾಗಿತ್ತು. ನಮ್ಮ ಗಡಿ ಅಂತ ಅದರ ಅರ್ಥ. ಆದರೆ ಅದು ಸ್ಪೇನ್ ಮತ್ತು ಮೊರಾಕ್ಕೊ ನಡುವಿನ ಬೇಲಿ! 2006ರಲ್ಲಿ ಸ್ಪೇನಿನ ಛಾಯಾಗ್ರಾಹಕನೊಬ್ಬ ತೆಗೆದದ್ದು.

ಆ ಕಡೆಯವರೇನು ಕಡಿಮೆಯೇ? 2017ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಪಾಕಿಸ್ತಾನದ ಪ್ರತಿನಿಧಿ ಗಾಯಗೊಂಡ ಹುಡುಗಿಯ ಫೋಟೋ ಎತ್ತಿ ಹಿಡಿದು ಇದು ಕಾಶ್ಮೀರ ಅಂದರು. ಅದು 2014ರಲ್ಲಿ ಗಾಜಾದಲ್ಲಿ ತೆಗೆದ ಫೋಟೋ. ಎರಡು ಸರಕಾರ, ಒಂದೇ ಜಾತಿಯ ತಪ್ಪು. ಫೋಟೋ ನಿಜ, ಊರು ಸುಳ್ಳು.

ಹಿಡಿಯೋದು ಹೇಗೆ?

ಇದಕ್ಕೆ ದೊಡ್ಡ ಓದು ಬೇಡ, ಕಣ್ಣು ಸಾಕು. ಮೊದಲು ರಸ್ತೆ ನೋಡಿ. ಗಾಡಿಗಳು ಎಡಗಡೆ ಓಡುತ್ತಿದ್ದರೆ ಭಾರತ, ಪಾಕಿಸ್ತಾನ, ಬಾಂಗ್ಲಾ, ಲಂಕಾ, ಜಪಾನ್, ಬ್ರಿಟನ್ ಇತ್ಯಾದಿ. ಬಲಗಡೆಯಾದರೆ ಅಮೆರಿಕ, ಚೀನಾ, ಸೌದಿ, ದುಬೈ. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ಬದಲಾಯಿತು. ಹಾಗಾಗಿ ಫೋಟೋ ಯಾವ ಕಾಲದ್ದು ಅನ್ನೋದೂ ಮುಖ್ಯ.

ಆಮೇಲೆ ನಂಬರ್ ಪ್ಲೇಟು. ಬ್ರಿಟನ್ನಿನಲ್ಲಿ ಮುಂದೆ ಬಿಳಿ, ಹಿಂದೆ ಹಳದಿ. ನಮ್ಮಲ್ಲಿ ಸ್ವಂತದ ಗಾಡಿಗೆ ಬಿಳಿ, ಬಾಡಿಗೆಯದಕ್ಕೆ ಹಳದಿ, ಕರೆಂಟಿನ ಗಾಡಿಗೆ ಹಸಿರು. ಪಕ್ಕದ ತೆಲಂಗಾಣ 2024ರಲ್ಲಿ ‘ಟಿಎಸ್’ ಬಿಟ್ಟು ‘ಟಿಜಿ’ ಹಿಡಿಯಿತು. ‘ಟಿಜಿ’ ಪ್ಲೇಟಿರುವ ಫೋಟೋ ತೋರಿಸಿ ಯಾರಾದರೂ 2020ರ ಗಲಾಟೆ ಅಂದರೆ ಬುರುಡೆ ಅಂತ ಅಲ್ಲೇ ಹೇಳಬಹುದು. ರಸ್ತೆ ಬದಿಯ ಕಿಲೋಮೀಟರ್ ಕಲ್ಲೂ ಮಾತಾಡುತ್ತದೆ. ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ.

ಬೋರ್ಡಿನ ಅಕ್ಷರ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಹೊರಗಿನವರಿಗೆ ಕನ್ನಡ, ತೆಲುಗು ಎರಡೂ ಒಂದೇ ಥರ ಕಾಣುತ್ತವೆ. ನಮ್ಮವರು ತಲೆಕಟ್ಟು ನೋಡಿಯೇ ಹೇಳಬಲ್ಲರು. ಅಕ್ಷರ ಮಸುಕಾಗಿದ್ದರೆ ಫೋನ್ ನಂಬರಿನ ಮೊದಲ ಅಂಕಿ ನೋಡಿ. 080 ಬೆಂಗಳೂರು, 0836 ಹುಬ್ಬಳ್ಳಿ-ಧಾರವಾಡ, 08482 ಬೀದರ್.

ನೆರಳಿಗೂ ನಾಲಿಗೆ ಉಂಟು. ದಿಲ್ಲಿ, ಲಂಡನ್‌ಗಳಲ್ಲಿ ನಡು ಮಧ್ಯಾಹ್ನದ ನೆರಳು ವರ್ಷವಿಡೀ ಉತ್ತರಕ್ಕೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ದಕ್ಷಿಣಕ್ಕೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವೆ ಒಮ್ಮೆ ಸೂರ್ಯ ನೆತ್ತಿಯ ಮೇಲೇ ಬಂದು ನೆಟ್ಟಗೆ ನಿಂತ ಕಂಬದ ನೆರಳೇ ಮಾಯ!

ಆದರೆ ಒಂದೇ ಗುರುತು ನಂಬಿ ಕೂತರೆ ಕೆಟ್ಟಿರಿ. ನೀಲಗಿರಿ ಮರದ ಮೂಲ ಆಸ್ಟ್ರೇಲಿಯಾ ನಿಜ. ಹಾಗಂತ ಕೋಲಾರದ ತೋಪನ್ನು ಆಸ್ಟ್ರೇಲಿಯಾ ಅನ್ನಲಾದೀತೇ? ಎರಡು ಮೂರು ಗುರುತು ಒಂದೇ ಊರಿನ ಕಡೆ ಕೈತೋರಿಸಬೇಕು. ಕರಾಚಿಯ ವಿಡಿಯೋದಲ್ಲಿ ಊರು ಹೇಳುವ ಫಲಕವನ್ನೇ ಕಿತ್ತಿದ್ದರು. ಉಳಿದ ಓಣಿ ನಮ್ಮ ಯಾವ ಓಣಿಯಾದರೂ ಆಗಬಹುದಿತ್ತು. ಗುರುತು ಸಿಗದಿದ್ದಾಗ ‘ಗೊತ್ತಿಲ್ಲ’ ಅನ್ನುವುದೇ ಜಾಣತನ. ಗೊತ್ತಿಲ್ಲದ್ದನ್ನು ಮುಂದಕ್ಕೆ ತಳ್ಳದಿರುವುದು ಅದಕ್ಕಿಂತ ಜಾಣತನ.

ಮೊಬೈಲಿನಲ್ಲೇ ಒಂದು ಉಪಾಯವೂ ಇದೆ. ಫೋಟೋವನ್ನು ‘ಗೂಗಲ್ ಲೆನ್ಸ್’ಗೆ ಕೊಟ್ಟರೆ ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿತ್ತು ಅಂತ ಹುಡುಕಿಕೊಡುತ್ತದೆ. ಇವತ್ತಿನ ಗಲಾಟೆ ಅಂತ ಬಂದದ್ದು ನಾಲ್ಕು ವರ್ಷ ಹಿಂದೆ ಬೇರೆ ದೇಶದಲ್ಲಿ ಅಚ್ಚಾಗಿದ್ದರೆ ಗುಟ್ಟು ರಟ್ಟು. ಅಂಗಡಿಯವರೂ ಒಂದು ಮಾತು ನೆನಪಿಡಿ. ನಿಮ್ಮ ಸಿಸಿಟಿವಿಯ ತುಣುಕನ್ನು ಯಾರಿಗಾದರೂ ಕೊಡುವ ಪ್ರಸಂಗ ಬಂದರೆ ಊರು, ಬೀದಿ, ತಾರೀಖು ಬರೆದೇ ಕೊಡಿ. ಹೆಸರಿಲ್ಲದ ತುಣುಕು ನಾಳೆ ಯಾವ ಊರಿನಲ್ಲಿ ಯಾರ ಕೊರಳಿಗೆ ಉರುಳಾಗುತ್ತದೋ ಹೇಳುವವರಾರು?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದರು ಹಿರಿಯರು. ಮೊಬೈಲಿನಲ್ಲಿ ಕಂಡದ್ದು ಪ್ರತ್ಯಕ್ಷವೂ ಅಲ್ಲ. ಕಳಿಸಿದವರು ನೆಂಟರೇ ಇರಲಿ, ನೆರೆಯವರೇ ಇರಲಿ, ಕೇಳಿಬಿಡಿ: ‘ಯಾವೂರು? ಯಾವಾಗ? ತೆಗೆದವರ್ಯಾರು?’ ಉತ್ತರ ಬರುವ ತನಕ ಬೆರಳು ಸುಮ್ಮನಿರಲಿ.