ಸ್ತನ ಕ್ಯಾನ್ಸರ್: ಯಾರೂ ಕೇಳದ ನೋವು

1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಹೊಸದೊಂದು ವಸ್ತುವನ್ನು ತಯಾರಿಸಿದರು. ಕಂಪನಿಗೆ ಬೇಕಾಗಿದ್ದದ್ದು ಗರ್ಭನಿರೋಧಕ ಗುಳಿಗೆ. ಇಲಿಗಳಲ್ಲಿ ಅದು ಸೊಗಸಾಗಿ ಕೆಲಸ ಮಾಡಿತು. ಹೆಂಗಸರಿಗೆ ಕೊಟ್ಟು ನೋಡಿದರೆ ಎಲ್ಲ ತಿರುವುಮುರುವು, ಅಂಡ ಬಿಡುಗಡೆಯಾಗುವುದನ್ನು ತಡೆಯಬೇಕಾದದ್ದು ಅದಕ್ಕೇ ಕುಮ್ಮಕ್ಕು ಕೊಟ್ಟಿತು! ಮೂಲೆ ಸೇರಬೇಕಿದ್ದ ಆ ವಸ್ತು 1973ರಲ್ಲಿ ಬ್ರಿಟನ್ನಿನಲ್ಲಿ ಸ್ತನ ಕ್ಯಾನ್ಸರಿನ ಔಷಧಿಯಾಗಿ ಹೊರಬಂತು. ಅದೇ ಟ್ಯಾಮಾಕ್ಸಿಫೆನ್.

ಈ ಹಳೇ ಕಥೆಗೆ ಇವತ್ತಿಗೂ ಅರ್ಥವಿದೆ. ಭಾರತದಲ್ಲಿ ಸ್ತನ ಕ್ಯಾನ್ಸರ್ ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಈ ಮಾತ್ರೆ ನುಂಗುವವರಲ್ಲಿ ಮೂವತ್ತು, ನಲವತ್ತರ ಹರೆಯದವರು ಬಹಳ. ಮುಟ್ಟು ನಿಂತಿತಲ್ಲ, ಇನ್ನೇನು ಭಯ ಎಂದುಕೊಳ್ಳುವ ಹಾಗಿಲ್ಲ. ಅಂಡ ಬಿಡುಗಡೆಗೆ ಕುಮ್ಮಕ್ಕು ಕೊಡುವ ಮಾತ್ರೆಯಾದ್ದರಿಂದ ಮುಟ್ಟು ಕಾಣದಿದ್ದರೂ ಗರ್ಭ ನಿಲ್ಲಬಹುದು, ಟ್ಯಾಮಾಕ್ಸಿಫೆನ್ ಭ್ರೂಣಕ್ಕೆ ಅಪಾಯಕಾರಿ. ಹಾರ್ಮೋನಿನ ಗರ್ಭನಿರೋಧಕಗಳು ಇವರಿಗೆ ಸಲ್ಲವು. ಕಾಪರ್ ಟಿ ಅಥವಾ ಕಾಂಡೋಮ್ ಸರಿ.

ಆದರೆ ಚಿಕಿತ್ಸೆಯ ನಂತರ ಹೆಂಗಸರನ್ನು ಹೆಚ್ಚು ಕಾಡುವುದು ಬೇರೆಯೇ. ಕೂಡುವಾಗ ನೋವು, ಉರಿ, ಕೆಲವರಿಗೆ ಮೂತ್ರ ಮಾಡುವಾಗಲೂ ಉರಿ. ಆಸೆಯೇ ಬತ್ತಿಹೋದಂತೆ ಅನ್ನಿಸುವುದು. ‘ಜೀವ ಉಳಿದದ್ದೇ ದೊಡ್ಡದು, ಈಗ ಅದೆಲ್ಲ ಯಾಕೆ’ ಎಂದು ಬಾಯಿ ಮುಚ್ಚಿಕೊಳ್ಳುವವರೇ ಜಾಸ್ತಿ. ಗಂಡ ತನ್ನ ಮೇಲೆ ಪ್ರೀತಿ ಹೋಯಿತೆಂದು ಕೊರಗುತ್ತಾನೆ, ಹೆಂಡತಿ ತನ್ನಲ್ಲೇ ಏನೋ ಕೆಟ್ಟಿದೆ ಎಂದುಕೊಳ್ಳುತ್ತಾಳೆ. ಇಬ್ಬರ ಲೆಕ್ಕವೂ ತಪ್ಪು. ಕಾರಣ ಇರುವುದು ಹಾರ್ಮೋನಿನಲ್ಲಿ.

ಯೋನಿಯ ಒಳಪದರ ದಪ್ಪವಾಗಿ, ತೇವವಾಗಿ, ಹಿಗ್ಗುವಂತೆ ಇರಲು ಈಸ್ಟ್ರೋಜೆನ್ ಬೇಕು. ಆ ಪದರದ ಜೀವಕೋಶಗಳಲ್ಲಿ ಅದು ಗ್ಲೈಕೋಜೆನ್ ತುಂಬಿಸುತ್ತದೆ. ಅದನ್ನು ಬಳಸಿಕೊಂಡು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸಿ ಸೋಂಕನ್ನು ದೂರವಿಡುತ್ತವೆ. ಕಿಮೊಥೆರಪಿ ಅಂಡಾಶಯವನ್ನು ಕುಗ್ಗಿಸಿದರೆ ಈ ಏರ್ಪಾಡು ಏಕಾಏಕಿ ಕುಸಿಯುತ್ತದೆ. ಮುಟ್ಟು ನಿಂತವರಿಗೆ ಕೊಡುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಮಾತ್ರೆಗಳು ಇನ್ನೂ ಕಟ್ಟುನಿಟ್ಟು. ಕೊಬ್ಬು, ಸ್ನಾಯುಗಳಲ್ಲಿ ಅಲ್ಪಸ್ವಲ್ಪ ಈಸ್ಟ್ರೋಜೆನ್ ತಯಾರಿಸುವ ಅರೋಮಟೇಸ್ ಎಂಬ ಕಿಣ್ವವನ್ನೇ ಅವು ಕಟ್ಟಿಹಾಕುತ್ತವೆ. ಕ್ಯಾನ್ಸರಿಗೆ ಹಾರ್ಮೋನು ಸಿಗಬಾರದೆಂಬ ಉದ್ದೇಶ ಈಡೇರುತ್ತದೆ, ಜೊತೆಗೆ ಯೋನಿಯೂ ಒಣಗುತ್ತದೆ.

ನೋವು ನಿಜವಾಗಿ ಎಲ್ಲಿದೆ ಎಂದು ಹುಡುಕಿದ ಅಧ್ಯಯನವೊಂದು ಅಮೆರಿಕದ ಒರೆಗಾನ್‌ನಿಂದ 2015ರಲ್ಲಿ ಪ್ರಕಟವಾಯಿತು. ಸ್ತನ ಕ್ಯಾನ್ಸರ್ ಗೆದ್ದು, ಸಂಭೋಗದ ವೇಳೆ ತೀವ್ರ ನೋವು ಅನುಭವಿಸುತ್ತಿದ್ದ 46 ಮಹಿಳೆಯರನ್ನು ಪರೀಕ್ಷಿಸಿದಾಗ, ನೋವಿನ ನೆಲೆ ಯೋನಿಯ ಒಳಭಾಗಕ್ಕಿಂತ ಅದರ ಬಾಗಿಲಲ್ಲಿತ್ತು. ಹಲ್ಲು ಕೀಳುವಾಗ ಮರಗಟ್ಟಿಸಲು ಬಳಸುವ ಲಿಗ್ನೊಕೇನ್ ಇದೆಯಲ್ಲ, ಅದರ ಶೇ 4ರ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಯೋನಿದ್ವಾರಕ್ಕೆ ಮೂರು ನಿಮಿಷ ಒತ್ತಿ ಹಿಡಿದು, ಆಮೇಲೆ ಕೂಡಲು ಹೇಳಲಾಯಿತು. ಮೊದಲು ಕೆಲವರಿಗೆ ಬರೀ ಉಪ್ಪುನೀರು ಕೊಟ್ಟು ಹೋಲಿಸಿದ್ದೂ ಆಯಿತು. ಕೊನೆಯಲ್ಲಿ ಔಷಧಿ ಬಳಸಿದವರ ಪೈಕಿ ಹತ್ತರಲ್ಲಿ ಒಂಬತ್ತು ಮಂದಿ ನೋವಿಲ್ಲದೆ ಕೂಡಲು ಸಾಧ್ಯವಾಯಿತೆಂದರು. ಗಂಡಂದಿರಿಗೂ ಮರಗಟ್ಟೀತೇನೋ ಎಂಬ ಅನುಮಾನವಿತ್ತು. ಯಾರೂ ಹಾಗೆ ದೂರಲಿಲ್ಲ. ಇಷ್ಟು ಅಗ್ಗದ ಉಪಾಯ ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ಸೋಜಿಗ. ಆದರೆ ಇದನ್ನು ವೈದ್ಯರನ್ನು ಕೇಳದೆ ಮಾಡಬಾರದು.

ಒಣಗುವಿಕೆಗೆ ಬೇರೆ ಉಪಾಯಗಳೂ ಇವೆ: ವಾರಕ್ಕೆ ಎರಡು ಮೂರು ಸಲ ಹಚ್ಚುವ, ಹಾರ್ಮೋನಿಲ್ಲದ ಯೋನಿ ಮಾಯಿಶ್ಚರೈಸರ್ ಒಂದು, ಕೂಡುವಾಗ ಬಳಸುವ ಲೂಬ್ರಿಕೆಂಟ್ ಇನ್ನೊಂದು. ಎರಡರ ಕೆಲಸ ಬೇರೆ. ಮನೆಯ ಕೊಬ್ಬರಿ ಎಣ್ಣೆಯನ್ನೇ ನೆಚ್ಚಿಕೊಂಡವರು ನೆನಪಿಡಬೇಕು: ಎಣ್ಣೆ ತಾಗಿದರೆ ಲೇಟೆಕ್ಸ್ ಕಾಂಡೋಮ್ ಹರಿಯಬಹುದು. ಇಷ್ಟಕ್ಕೂ ಬಗ್ಗದಿದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮಿನ ಮಾತು ಬರುತ್ತದೆ. 2022ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ದೊಡ್ಡ ಅಧ್ಯಯನವೊಂದು ಲೆಟ್ರೋಜೋಲ್ ವರ್ಗದ ಮಾತ್ರೆಯ ಜೊತೆಗೆ ಅದನ್ನು ಬಳಸಿದವರಲ್ಲಿ ರೋಗ ಮರುಕಳಿಸುವ ಸಾಧ್ಯತೆ ಹೆಚ್ಚೆಂದು ಸೂಚಿಸಿತು, ಸಾವಿನ ಪ್ರಮಾಣ ಮಾತ್ರ ಹೆಚ್ಚಿರಲಿಲ್ಲ. ಕ್ಯಾನ್ಸರ್ ವೈದ್ಯರ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟದಿರುವುದೇ ಕ್ಷೇಮ.

ಖಿನ್ನತೆಯ ಔಷಧಿಗಳೂ ಆಸೆಯನ್ನು ಕುಂದಿಸಬಹುದು. ಅವುಗಳಲ್ಲಿ ಒಂದಾದ ಪ್ಯಾರೊಕ್ಸೆಟಿನ್, ಯಕೃತ್ತಿನಲ್ಲಿ ಟ್ಯಾಮಾಕ್ಸಿಫೆನ್ ಪರಿಣಾಮಕಾರಿ ರೂಪ ತಾಳುವುದಕ್ಕೇ ಅಡ್ಡಬರುತ್ತದೆ. ಮನೋವೈದ್ಯರಿಗೆ ಕ್ಯಾನ್ಸರ್ ಮಾತ್ರೆಯ ಹೆಸರು ಹೇಳಲೇಬೇಕು.

ಸ್ತನ ತೆಗೆದ ಜಾಗದ ಚರ್ಮ ಮರಗಟ್ಟಿರುವುದು ನರಗಳು ಕತ್ತರಿಸಿಹೋದದ್ದರಿಂದ. ಹೊಸ ಸ್ತನ ಕಟ್ಟಿಸಿಕೊಂಡರೂ ಮೊದಲಿನ ಸ್ಪರ್ಶಸುಖ ಸಾಮಾನ್ಯವಾಗಿ ಮರಳದು. ಕೂಡಿದರೆ ಗಂಡನಿಗೆ ತೊಂದರೆಯಾದೀತೆಂಬ ಭಯವೂ ಬೇಡ: ಕ್ಯಾನ್ಸರ್ ಅಂಟುರೋಗವಲ್ಲ, ಹೊರಗಿನಿಂದ ಕೊಡುವ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಕಿಮೊ ಪಡೆದ ಮೊದಲ ಕೆಲವು ದಿನ ಔಷಧಿಯ ಅಂಶ ದೇಹದ ದ್ರವಗಳಲ್ಲಿ ಇರುವುದರಿಂದ ಕಾಂಡೋಮ್ ಬೇಕು, ಅಷ್ಟೆ.

ವೈದ್ಯೆ-ಲೇಖಕಿ ಅನುಪಮಾ ನಿರಂಜನ ದಾಂಪತ್ಯದ ಲೈಂಗಿಕತೆ ಕುರಿತ ‘ದಾಂಪತ್ಯ ದೀಪಿಕೆ’ ಬರೆದು ದಶಕಗಳೇ ಕಳೆದವು. ಆದರೂ ಕಿಕ್ಕಿರಿದ ಒಪಿಡಿಯಲ್ಲಿ ಬಾವು, ರಕ್ತ, ಸ್ಕ್ಯಾನಿನ ವಿಚಾರಣೆ ಮುಗಿಯುವ ಹೊತ್ತಿಗೆ ಮುಂದಿನ ರೋಗಿಯ ಹೆಸರು ಕೂಗಿರುತ್ತಾರೆ. ವೈದ್ಯರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ. ಕೆಲವರು ಈ ತೊಂದರೆಗೆ ರೋಸಿ ಕ್ಯಾನ್ಸರ್ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಐದು ವರ್ಷ, ಕೆಲವೊಮ್ಮೆ ಹತ್ತು ವರ್ಷ ನುಂಗಬೇಕಾದ ಮಾತ್ರೆ ಅದು, ಬಿಟ್ಟರೆ ರೋಗ ಮರಳುವ ಅಪಾಯ ಹೆಚ್ಚುತ್ತದೆ. ಮಾತ್ರೆ ಬದಲಿಸುವ ದಾರಿಯೂ ವೈದ್ಯರ ಬಳಿ ಇರುತ್ತದೆ. ಮುಂದಿನ ಚೆಕಪ್ಪಿಗೆ ಹೋದಾಗ ‘ಕೂಡುವಾಗ ನೋವಾಗುತ್ತದೆ ಡಾಕ್ಟ್ರೇ’ ಎಂದು ನೇರವಾಗಿ ಹೇಳಿ. ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.