ಪಟಾಕಿ ಸದ್ದಿಗೆ ಮಾಜಿ ಸೈನಿಕರು ಬೆಚ್ಚಿ ಬೀಳೋದು ಯಾಕೆ?

ಭಾರತೀನಗರ: ಕಬ್ಬು ತುಂಬಿದ ಟ್ರ್ಯಾಕ್ಟರ್ ಟೈರ್ ಢಂ ಅಂದರೆ ರಸ್ತೆ ಬದಿ ಅಂಗಡಿಯವರೆಲ್ಲ ಒಮ್ಮೆ ತಿರುಗಿ ನೋಡ್ತಾರೆ. ಆಮೇಲೆ ಟೈರ್ ಅಂತ ಗೊತ್ತಾಗಿ ತಮ್ಮ ತಮ್ಮ ವ್ಯಾಪಾರ ನೋಡಿಕೊಳ್ತಾರೆ. ಆದರೆ ಗಡಿಯಲ್ಲೋ ಕಾಶ್ಮೀರದಲ್ಲೋ ಡ್ಯೂಟಿ ಮಾಡಿ ಬಂದ ಕೆಲವರಿಗೆ ಅಷ್ಟಕ್ಕೇ ಮುಗಿಯಲ್ಲ. ಕೈಲಿದ್ದ ಟೀ ಲೋಟ ಜಾರುತ್ತೆ. ಗೋಡೆಗೆ ಬೆನ್ನು ಕೊಟ್ಟು ನಿಲ್ತಾರೆ. ಟೈರ್ ಅಂತ ಕಣ್ಣಾರೆ ಕಂಡ ಮೇಲೂ ಮೈ ಬೆವರುತ್ತೆ, ಕೈ ನಡುಗುತ್ತೆ.

ನೋಡಿದವರು 'ಮಿಲ್ಟ್ರಿಯವರಾಗಿ ಹಿಂಗೆ ಹೆದರ್ತಾರಲ್ಲ' ಅಂತ ನಗೋದುಂಟು. ಮನೆಯವರು 'ಗಾಳಿ ಸೋಕೈತೆ' ಅಂತ ತಾಯಿತ ಕಟ್ಟಿಸೋದೂ ಉಂಟು. ವೈದ್ಯರು ಇದಕ್ಕೆ ಇಟ್ಟಿರುವ ಹೆಸರು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ. ಇದು ಬರೀ ಮನಸ್ಸಿನ ವಿಷಯ ಅಂದುಕೊಂಡರೆ ತಪ್ಪು. ಎದೆ, ಹೊಟ್ಟೆ, ನಿದ್ದೆ, ರಕ್ತದೊತ್ತಡ ಎಲ್ಲಕ್ಕೂ ತಗಲುತ್ತೆ.

ಈ ಭಾಗದವರಿಗೆ 2019ರ ಫೆಬ್ರುವರಿ 14 ಮರೆಯುವಂಥದ್ದಲ್ಲ. ಪುಲ್ವಾಮಾದಲ್ಲಿ ಸ್ಫೋಟಕ ತುಂಬಿದ ವಾಹನ ಸಿಆರ್‌ಪಿಎಫ್ ಬಸ್ಸಿಗೆ ನುಗ್ಗಿ 40 ಯೋಧರು ಹುತಾತ್ಮರಾದರು. ಅವರಲ್ಲಿ ನಮ್ಮ ಪಕ್ಕದ ಗುಡಿಗೆರೆಯ ಎಚ್.ಗುರು ಒಬ್ಬರು. ಪಾರ್ಥಿವ ಶರೀರ ಬಂದ ದಿನ ರಸ್ತೆ ತುಂಬ ಜನ ನಿಂತಿದ್ದರು. ಆ ದಿನ ಜಮ್ಮುವಿನಿಂದ ಶ್ರೀನಗರಕ್ಕೆ ಹೊರಟಿದ್ದು 78 ವಾಹನ, 2,500ಕ್ಕೂ ಹೆಚ್ಚು ಸಿಬ್ಬಂದಿ. ಹುತಾತ್ಮರ ಹೆಸರು ದೇಶಕ್ಕೆಲ್ಲ ಗೊತ್ತು. ಹಿಂದಿನ, ಮುಂದಿನ ಬಸ್ಸಿನಲ್ಲಿ ಕೂತು ಆ ಸದ್ದು ಕೇಳಿ, ಜೊತೆಯವರನ್ನು ಕಳೆದುಕೊಂಡು, ಮಾರನೇ ದಿನ ಮತ್ತೆ ಡ್ಯೂಟಿಗೆ ನಿಂತವರ ಮೈಯೊಳಗೆ ಏನು ಉಳೀತು ಅಂತ ಕೇಳಿದವರು ಕಡಿಮೆ.

ಒಳಗೆ ಆಗೋದು ಏನು?

ಅಪಾಯ ಅನ್ನಿಸಿದ ತಕ್ಷಣ ಮಿದುಳಿನ ಒಳಗಿರುವ, ಬಾದಾಮಿ ಗಾತ್ರದ ಅಮಿಗ್ಡಲಾ ಅನ್ನೋ ಭಾಗ ಎಚ್ಚರಿಕೆ ಕೊಡುತ್ತೆ. ಸದ್ದು ಯಾವುದು ಅಂತ ನಾವು ಯೋಚನೆ ಮಾಡೋಕೆ ಮುಂಚೆಯೇ ಇದು ನಡೆದುಹೋಗುತ್ತೆ. ಕಿಡ್ನಿ ಮೇಲೆ ಟೋಪಿ ಥರ ಕೂತಿರುವ ಅಡ್ರಿನಲ್ ಗ್ರಂಥಿ ರಕ್ತಕ್ಕೆ ಅಡ್ರಿನಲಿನ್ ಬಿಡುತ್ತೆ. ಎದೆಬಡಿತ ಏರುತ್ತೆ, ಉಸಿರು ಜೋರಾಗುತ್ತೆ, ಕಣ್ಣಿನ ಪಾಪೆ ಅಗಲ ಆಗುತ್ತೆ. ಓಡೋಕೆ ಇಲ್ಲಾ ಹೊಡೆದಾಡೋಕೆ ಬೇಕು ಅಂತ ರಕ್ತ ಹೊಟ್ಟೆ ಕಡೆಯಿಂದ ಕೈಕಾಲಿನ ಸ್ನಾಯುಗಳಿಗೆ ಹರಿಯುತ್ತೆ. ಬಾಯಿ ಒಣಗೋದು, ಹೊಟ್ಟೆ ಕಿವುಚಿದಂತಾಗೋದು ಇದರಿಂದಲೇ. ಹಿಂದೆಯೇ ಕಾರ್ಟಿಸಾಲ್ ಅನ್ನೋ ಇನ್ನೊಂದು ಹಾರ್ಮೋನ್ ಬರುತ್ತೆ. ದೇಹಕ್ಕೆ ಶಕ್ತಿ ಒದಗಿಸೋದರ ಜೊತೆಗೆ 'ಸಾಕು, ಇನ್ನು ನಿಲ್ಲಿಸು' ಅಂತ ಮಿದುಳಿಗೆ ವಾಪಸ್ ಸುದ್ದಿ ಮುಟ್ಟಿಸೋದೂ ಅದರ ಕೆಲಸ.

ಗುಂಡು ಹಾರುವ ಜಾಗದಲ್ಲಿ ಇದೆಲ್ಲ ಜೀವ ಉಳಿಸುತ್ತೆ. ತೊಂದರೆ ಆಗೋದು ಊರಿಗೆ ಬಂದ ಮೇಲೆ. ರೈತರಿಗೆ ಪಂಪ್‌ಸೆಟ್‌ನ ಆಟೋ ಸ್ಟಾರ್ಟರ್ ಗೊತ್ತಲ್ಲ, ಕರೆಂಟ್ ಬಂದರೆ ಸಾಕು, ಬೋರ್‌ನಲ್ಲಿ ನೀರಿದ್ದರೂ ಇಲ್ಲದಿದ್ದರೂ ಮೋಟಾರ್ ಓಡೋಕೆ ಶುರು. ನೀರಿಲ್ಲದೆ ಓಡಿ ಓಡಿ ಕಾಯಿಲ್ ಸುಟ್ಟುಹೋಗುತ್ತೆ. ಪಿಟಿಎಸ್‌ಡಿ ಇರುವವರ ದೇಹದಲ್ಲಿ ಆಗೋದೂ ಹೆಚ್ಚು ಕಡಿಮೆ ಅದೇ. ಪಟಾಕಿ, ಸುಟ್ಟ ಡೀಸೆಲ್ ವಾಸನೆ, ಹಿಂದಿನಿಂದ ಯಾರೋ ಹೆಗಲು ಮುಟ್ಟಿದ್ದು, ಯಾವುದಕ್ಕಾದರೂ ಸ್ಟಾರ್ಟ್ ಆಗಿಬಿಡುತ್ತೆ.

ಒಂದು ವಿಚಿತ್ರ ಇದೆ. ಒತ್ತಡ ಅಂದರೆ ಕಾರ್ಟಿಸಾಲ್ ಜಾಸ್ತಿ ಇರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. 1980ರ ದಶಕದಲ್ಲಿ ವಿಯೆಟ್ನಾಂ ಯುದ್ಧದಿಂದ ಬಂದ ಅಮೆರಿಕದ ಮಾಜಿ ಸೈನಿಕರ ಮೂತ್ರ ಪರೀಕ್ಷೆ ಮಾಡಿದಾಗ ಪಿಟಿಎಸ್‌ಡಿ ಇದ್ದವರಲ್ಲಿ ಅದು ಕಡಿಮೆಯೇ ಕಂಡಿತು. ಆಮೇಲಿನ ಎಲ್ಲ ಅಧ್ಯಯನಗಳಲ್ಲೂ ಹೀಗೇ ಬಂದಿಲ್ಲ. ಆದರೂ ಬರೀ ಹಾರ್ಮೋನ್ ಹೆಚ್ಚಾಗಿದೆ ಅನ್ನೋ ಸರಳ ಲೆಕ್ಕ ಇಲ್ಲಿ ನಡೆಯಲ್ಲ, ಸ್ಟಾರ್ಟ್ ಆದದ್ದನ್ನು ನಿಲ್ಲಿಸೋ ವ್ಯವಸ್ಥೆಯೇ ಏರುಪೇರಾಗಿದೆ ಅನ್ನೋದು ಅಲ್ಲಿಂದ ಗೊತ್ತಾಯ್ತು.

ಅವಳಿಗಳು ಕೊಟ್ಟ ಉತ್ತರ

'ಅವನು ಹುಟ್ಟಿನಿಂದಲೇ ಪುಕ್ಕಲ ಇರಬೇಕು' ಅನ್ನುವವರಿಗೆ ಉತ್ತರ ಅಮೆರಿಕದ ಒಂದು ಸಂಶೋಧನೆಯಲ್ಲಿದೆ. 2003ರಲ್ಲಿ ಪ್ರಕಟವಾದದ್ದು. ಒಂದೇ ರೂಪಿನ ಅವಳಿ ಸೋದರರು, ಒಬ್ಬ ವಿಯೆಟ್ನಾಂನಲ್ಲಿ ಯುದ್ಧ ಮಾಡಿ ಬಂದವ, ಇನ್ನೊಬ್ಬ ಯುದ್ಧಕ್ಕೆ ಹೋಗದವ. ಇಂಥ ಜೋಡಿಗಳನ್ನು ಕೂರಿಸಿ, ಕಿವಿಗೆ ಇದ್ದಕ್ಕಿದ್ದಂತೆ ಜೋರು ಸದ್ದು ಕೇಳಿಸಿ ಎದೆಬಡಿತ ಅಳೆದರು. ಪಿಟಿಎಸ್‌ಡಿ ಇದ್ದ ಸೈನಿಕನ ಎದೆಬಡಿತ ಹೆಚ್ಚು ಏರಿತು, ಮನೆಯಲ್ಲೇ ಉಳಿದ ಅವನ ಅವಳಿಯದು ಹಾಗೆ ಏರಲಿಲ್ಲ. ರಕ್ತ ಒಂದೇ, ಹುಟ್ಟು ಒಂದೇ. ಹಾಗಾಗಿ ಸದ್ದಿಗೆ ಎದೆ ಹಾರುವ ಆ ಗುಣ ಹುಟ್ಟಿನಿಂದ ಬಂದದ್ದಲ್ಲ, ಆಘಾತದ ನಂತರ ಅಂಟಿಕೊಂಡದ್ದು ಅಂತ ಸಂಶೋಧಕರು ಅರ್ಥ ಮಾಡಿಕೊಂಡರು.

ಇದನ್ನು ಹೇಡಿತನ ಅಂದುಕೊಂಡದ್ದರ ಬೆಲೆ ದೊಡ್ಡದು. ಮೊದಲ ಮಹಾಯುದ್ಧದಲ್ಲಿ ಇದಕ್ಕೆ 'ಶೆಲ್ ಶಾಕ್' ಅಂತಿದ್ದರು. ಓಡಿಹೋದ, ಹೆದರಿದ ಎಂಬಂಥ ಆರೋಪ ಹೊರಿಸಿ ಬ್ರಿಟಿಷ್ ಸೇನೆ ತನ್ನ ಸೈನಿಕರನ್ನೇ ಗುಂಡಿಟ್ಟು ಕೊಂದಿತ್ತು. ಹಾಗೆ ಸತ್ತ 306 ಮಂದಿಗೆ ಸರ್ಕಾರ ಕ್ಷಮೆ ಕೊಟ್ಟದ್ದು 2006ರಲ್ಲಿ. ಅವರಲ್ಲಿ ಕೆಲವರಿಗೆ ಇದ್ದದ್ದು ಇದೇ ಕಾಯಿಲೆ. ಪಿಟಿಎಸ್‌ಡಿ ಅನ್ನೋ ಹೆಸರು ವೈದ್ಯರ ಪಟ್ಟಿಗೆ ಸೇರಿದ್ದೂ 1980ರಲ್ಲಷ್ಟೇ.

ಗ್ಯಾಸ್ಟ್ರಿಕ್ ಮಾತ್ರೆ, ಕ್ಯಾಂಟೀನ್ ರಮ್

ಇಂಥವರು ಮೊದಲು ಮನೋವೈದ್ಯರ ಹತ್ತಿರ ಹೋಗೋದು ಅಪರೂಪ. ಎದೆ ಡವಡವ, ಹೊಟ್ಟೆ ಉರಿ, ತಲೆನೋವು ಅಂತ ಮೆಡಿಕಲ್ ಸ್ಟೋರ್‌ಗೆ ಬರ್ತಾರೆ. ಇಸಿಜಿ ಮಾಡಿಸಿದರೆ ನಾರ್ಮಲ್ ಅಂತ ಬರಬಹುದು. ಎದೆನೋವಿಗೆ ಇಸಿಜಿ ಮಾಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಿಪೋರ್ಟ್ ಸರಿ ಇದ್ದೂ ತಿಂಗಳಾನುಗಟ್ಟಲೆ ಹೀಗೇ ಆಗ್ತಿದ್ದರೆ, ಜೊತೆಗೆ ಕೆಟ್ಟ ಕನಸು, ಸಿಡುಕು, ಮದುವೆ ಮನೆ ಜಾತ್ರೆ ಅಂದರೆ ತಪ್ಪಿಸಿಕೊಳ್ಳೋದು ಇದ್ದರೆ ಬೇರೆ ಯೋಚನೆ ಮಾಡಬೇಕು. ಲಕ್ಷಣಗಳು ಒಂದು ತಿಂಗಳು ದಾಟಿದರೆ ವೈದ್ಯರು ಪಿಟಿಎಸ್‌ಡಿ ಇದೆಯಾ ಅಂತ ನೋಡ್ತಾರೆ. ಕೆಲವರಿಗೆ ಘಟನೆ ನಡೆದು ಆರು ತಿಂಗಳು, ವರ್ಷಗಳ ಮೇಲೂ ಪೂರ್ತಿ ಕಾಣಿಸಿಕೊಳ್ಳಬಹುದು. ಯುದ್ಧ ಕಂಡವರಿಗೆಲ್ಲ ಇದು ಬರುತ್ತೆ ಅಂತೇನಿಲ್ಲ. ಹೆಚ್ಚಿನವರಿಗೆ ಬರಲ್ಲ.

ಇನ್ನು ಕ್ಯಾಂಟೀನ್ ಕೋಟಾದ ರಮ್. ಕುಡಿದರೆ ನಿದ್ದೆ ಹತ್ತುತ್ತೆ ಅನ್ನೋದು ನಿಜ. ಆದರೆ ಮಧ್ಯರಾತ್ರಿ ಕಳೆದು ನಶೆ ಇಳಿಯುವಾಗ ನಿದ್ದೆ ಒಡೆಯುತ್ತೆ, ಎದೆಬಡಿತ ಏರುತ್ತೆ, ಕನಸು ಜಾಸ್ತಿಯಾಗುತ್ತೆ. ಮಾರನೇ ದಿನ ಇನ್ನೊಂದು ಪೆಗ್. ಮನೆಯವರು ಜಗಳ ಆಡೋದು ಕುಡಿತದ ಮೇಲೆ, ಅದರ ಹಿಂದಿನ ಕಾರಣ ಅಲ್ಲೇ ಉಳಿಯುತ್ತೆ.

ಅಕ್ಕಪಕ್ಕದವರು ಮಾಡಬಹುದಾದ್ದು ಕಷ್ಟದ್ದೇನಲ್ಲ. ಹಬ್ಬಕ್ಕೆ ಅಂಗಡಿ ಮುಂದೆ ಸರ ಪಟಾಕಿ ಹಚ್ಚೋಕೆ ಮುಂಚೆ 'ಅಣ್ಣ, ಪಟಾಕಿ ಹಚ್ತೀವಿ' ಅಂತ ಒಂದು ಮಾತು ಹೇಳಿದರೆ ಸಾಕು, ಮುಂಚೆಯೇ ಗೊತ್ತಿರುವ ಸದ್ದಿಗೆ ದೇಹ ಅಷ್ಟು ಬೆಚ್ಚಲ್ಲ. ಕುರ್ಚಿ ಕೆಳಗೆ ಪಟಾಕಿ ಇಟ್ಟು ತಮಾಷೆ ಮಾಡೋದು ತಮಾಷೆಯೇ ಅಲ್ಲ. ಮಲಗಿದ್ದಾಗ ಮೈಮುಟ್ಟಿ ಎಬ್ಬಿಸದೆ ದೂರದಿಂದ ಹೆಸರು ಕೂಗಿ ಎಬ್ಬಿಸಬೇಕು. ಬೆಚ್ಚಿದವರಿಗೆ ನಿಧಾನಕ್ಕೆ, ಉದ್ದಕ್ಕೆ ಉಸಿರು ಬಿಡೋಕೆ ಹೇಳಬಹುದು. ಉಸಿರು ಹೊರಗೆ ಬಿಡುವಾಗ ಎದೆಬಡಿತ ತಾನಾಗಿ ಸ್ವಲ್ಪ ಇಳಿಯುತ್ತೆ.

ಚಿಕಿತ್ಸೆ ಇದೆ. ಆಘಾತದ ನೆನಪನ್ನು ಹಂತ ಹಂತವಾಗಿ ಎದುರಿಸೋಕೆ ಕಲಿಸುವ ಮಾತಿನ ಚಿಕಿತ್ಸೆ ಮುಖ್ಯವಾದದ್ದು. ಸರ್ಟ್ರಲಿನ್‌ನಂಥ ಮಾತ್ರೆಗಳನ್ನೂ ಕೊಡ್ತಾರೆ, ಅವು ವೈದ್ಯರು ಬರೆದುಕೊಟ್ಟರೆ ಮಾತ್ರ. ಮಂಡ್ಯದ ಮಿಮ್ಸ್‌ನಲ್ಲಿ ಮನೋವೈದ್ಯಕೀಯ ವಿಭಾಗ ಇದೆ, ದೊಡ್ಡ ತೊಂದರೆ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್. ಸೇನೆಯಿಂದ ಪಿಂಚಣಿ ಪಡೆಯುವವರಿಗೆ 2003ರಿಂದ ಇಸಿಎಚ್‌ಎಸ್ ಯೋಜನೆ ಇದೆ. ಸಿಆರ್‌ಪಿಎಫ್, ಬಿಎಸ್‌ಎಫ್ ಬರೋದು ಗೃಹ ಸಚಿವಾಲಯದ ಕೆಳಗೆ, ಅಲ್ಲಿಂದ ನಿವೃತ್ತರಾದವರದು ಸಿಜಿಎಚ್‌ಎಸ್. ಕಾರ್ಡ್ ಯಾವುದು ಅಂತ ನೋಡಿಕೊಂಡೇ ಹೊರಡಿ, ಇಲ್ಲದಿದ್ದರೆ ಬಸ್ ಚಾರ್ಜ್ ದಂಡ.

ಆಸ್ಪತ್ರೆಗೆ ಹೋಗೋಕೆ ಹಿಂಜರಿಕೆ ಇದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಾಯಿಗೆ ಬಂದರೆ ನಾಳೆ ನೋಡೋಣ ಅನ್ನದೆ ಅದೇ ಹೊತ್ತಿಗೆ ಕರೆದುಕೊಂಡು ಹೋಗಬೇಕು. ಡಾಕ್ಟರ್ ಹತ್ತಿರ ಹೋಗುವಾಗ ಹೆಂಡತಿಯೋ ಅಣ್ಣತಮ್ಮಂದಿರೋ ಜೊತೆಗೆ ಹೋದರೆ ಒಳ್ಳೇದು. ರಾತ್ರಿ ನಿದ್ದೆಯಲ್ಲಿ ಏನೇನು ಆಗುತ್ತೆ ಅನ್ನೋದು ಅವರಿಗೇ ಚೆನ್ನಾಗಿ ಗೊತ್ತಿರುತ್ತೆ.